ಥರ್ಮಾಮೀಟರು ದಾಟಿದ ಕೈಗಳು: ಡಾಕ್ಟರಾಗುವ ಹುಡುಗರ ಜೊತೆ ಅಂಬೇಡ್ಕರ್ ಓದು

ಈ ಸಂಚಿಕೆಗೆ ದಲಿತ ವಿಮರ್ಶೆಯ ತಾತ್ವಿಕತೆಯ ಬಗ್ಗೆ ಬರೆಯಿರಿ ಅಂತ ಸಂಪಾದಕ ಗೆಳೆಯರು ಕೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಇದ್ದಾರೆ. ನಾನು ಒಂದು ಪಾಠದ ಬಗ್ಗೆ ಬರೆಯುತ್ತೇನೆ. ಆ ಪಾಠದಲ್ಲಿ ನಾನು ಸೋತೆ. ಸೋತದ್ದರಿಂದ, ಬಹಳ ಸಲ ಓದಿದ್ದೇನೆ ಅಂದುಕೊಂಡಿದ್ದ ಒಂದು ಪಠ್ಯವನ್ನು ಮತ್ತೆ ಮೊದಲಿಂದ ಓದಬೇಕಾಗಿ ಬಂತು. ದಲಿತ ಪಠ್ಯವನ್ನು ಯಾರ ಮುಂದೆ, ಯಾತಕ್ಕಾಗಿ, ಯಾವ ಕಡೆ ಮುಖಮಾಡಿ ಓದುತ್ತೇವೆ ಎಂಬ ಪ್ರಶ್ನೆಯೂ ವಿಮರ್ಶೆಯದ್ದೇ ಆದ್ದರಿಂದ ಈ ಬರಹಕ್ಕೆ ಇಲ್ಲಿ ಜಾಗ ಇದೆ ಅಂದುಕೊಂಡಿದ್ದೇನೆ.

1

ನಾನು ಕನ್ನಡ ಮೇಷ್ಟ್ರು. ಮೂರು ವರ್ಷದ ಹಿಂದೆ ನಮ್ಮ ಕಡೆಯ ಒಂದು ಮೆಡಿಕಲ್ ಕಾಲೇಜಿನವರು ಹೊಸದಾಗಿ ಸೇರಿದ ಹುಡುಗರಿಗೆ ಕೆಲವು ತರಗತಿ ತೆಗೆದುಕೊಳ್ಳಿ ಅಂತ ಕರೆದರು. 2019ರಿಂದ ಎಂಬಿಬಿಎಸ್ ಪಠ್ಯಕ್ರಮ ಬದಲಾಗಿದೆ. ಓದಿನ ಶುರುವಿನಲ್ಲೇ ಫೌಂಡೇಶನ್ ಕೋರ್ಸ್ ಅಂತ ಒಂದಿಷ್ಟು ದಿನ ಇಟ್ಟಿದ್ದಾರೆ. ಅದರಲ್ಲಿ ಸ್ಥಳೀಯ ಭಾಷೆಯನ್ನೂ ಕಲಿಸಬೇಕು. ಇದಲ್ಲದೆ ನಡವಳಿಕೆ, ನೀತಿ, ಸಂವಹನ ಈ ಮೂರನ್ನೂ ಸೇರಿಸಿದ ಪಾಠಮಾಲೆಯೊಂದು ಓದಿನುದ್ದಕ್ಕೂ ಇರುತ್ತದೆ. ಹುಡುಗರು ಅದನ್ನು 'ಏಟ್‌ಕಾಮ್' ಅನ್ನುತ್ತಾರೆ. ಇವೆಲ್ಲದರ ಸುತ್ತ ಕೇಳಿಬರುವ ಒಂದು ಮಾತು 'ಕಲ್ಚರಲ್ ಕಾಂಪಿಟೆನ್ಸ್'. ಸಾಂಸ್ಕೃತಿಕ ಸಾಮರ್ಥ್ಯ ಅಂತ ಕನ್ನಡ ಮಾಡಬಹುದು. ತನ್ನದಲ್ಲದ ಬದುಕಿನಿಂದ ಬಂದ ರೋಗಿಯನ್ನು ಅರ್ಥ ಮಾಡಿಕೊಂಡು ಚಿಕಿತ್ಸೆ ಕೊಡುವ ಶಕ್ತಿ ಎಂಬುದು ಅದರ ತಾತ್ಪರ್ಯ.

ನನಗಿಂತ ಮೊದಲು ಪಾಠ ಮಾಡಿದವರು ಬಳಸುತ್ತಿದ್ದ ಜೆರಾಕ್ಸ್ ಪುಸ್ತಿಕೆಯೊಂದನ್ನು ಕೈಗೆ ಕೊಟ್ಟರು. ರೋಗಿಯ ಜೊತೆ ಆಡುವ ಕನ್ನಡ ವಾಕ್ಯಗಳು ಅದರಲ್ಲಿದ್ದವು. 'ಏನಾಗಿದೆ ನಿನಗೆ?' 'ಬಾಯಿ ತೆಗಿ.' 'ಮಗ್ಗುಲಾಗು.' 'ಎಷ್ಟು ಮಕ್ಕಳು ನಿನಗೆ?' ಎಲ್ಲವೂ ಏಕವಚನ. ಬರೆದವರು ಕೆಟ್ಟವರಲ್ಲ. ಕನ್ನಡ ಬಾರದ ಹೊರ ರಾಜ್ಯದ ಹುಡುಗರಿಗೆ ಏಕವಚನ ಸುಲಭ ಅಂತ ಹಾಗೆ ಬರೆದಿರಬೇಕು. ಆದರೆ ಅದೇ ಪುಸ್ತಿಕೆಯ ಕೊನೆಯ ಪುಟದಲ್ಲಿ ಹಿರಿಯ ಡಾಕ್ಟರ ಜೊತೆ ಮಾತಾಡುವ ವಾಕ್ಯಗಳೂ ಇದ್ದವು. ಅಲ್ಲಿ ಬಹುವಚನ ಯಾರಿಗೂ ಕಷ್ಟವಾಗಿರಲಿಲ್ಲ.

ನಮ್ಮವ್ವ ಡಾಕ್ಟರಿಗೆ 'ಬುದ್ಧಿ' ಅನ್ನುತ್ತಿದ್ದಳು. ಊರ ಗೌಡರಿಗೆ ಅನ್ನುತ್ತಿದ್ದ ಮಾತೇ ಅದು. 'ಎದೆ ಹಿಡ್ದಂಗಾಯ್ತದೆ ಬುದ್ಧಿ' ಅಂತ ಅವಳು, 'ಯಾವಾಗಿಂದ ನಿನಗೆ?' ಅಂತ ಡಾಕ್ಟರು. ಮೇಜಿನ ಆ ಕಡೆ ಈ ಕಡೆ ಊರೂ ಕೇರಿಯೂ ಕೂತಿರುತ್ತಿದ್ದವು. ಅವಳಿಗೆ ಅದು ಅವಮಾನ ಅಂತಲೂ ಅನ್ನಿಸುತ್ತಿರಲಿಲ್ಲ. ಅನ್ನಿಸುತ್ತಿದ್ದದ್ದು ನನಗೆ, ಅದೂ ಕಾಲೇಜು ಓದಿದ ಮೇಲೆ.

ಪುಸ್ತಿಕೆಯ ಜೊತೆಗೆ ಪರದೆಯ ಮೇಲೆ ತೋರಿಸುವ ಚಿತ್ರಪಾಠವೂ ಇತ್ತು. 'ಗ್ರಾಮೀಣ ರೋಗಿಗಳ ಸಂಸ್ಕೃತಿ' ಅಂತ ಅದರ ತಲೆಬರಹ. ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಳು ಅನ್ನುತ್ತಾರೆ, ಬೇವಿನಸೊಪ್ಪು ಕಟ್ಟುತ್ತಾರೆ, ದೃಷ್ಟಿ ತೆಗೆಯುತ್ತಾರೆ, ಬಾಣಂತಿಗೆ ನೀರು ಕೊಡುವುದಿಲ್ಲ, ಮೊದಲು ಮಂತ್ರವಾದಿ ಹತ್ತಿರ ಹೋಗಿ ಆಮೇಲೆ ಆಸ್ಪತ್ರೆಗೆ ಬರುತ್ತಾರೆ. ಇವುಗಳಲ್ಲಿ ಸುಳ್ಳು ಯಾವುದೂ ಇಲ್ಲ. ನನ್ನ ತಕರಾರು ಇಷ್ಟೇ: ಸಂಸ್ಕೃತಿ ಇರುವುದು ರೋಗಿಗೆ ಮಾತ್ರ ಅಂತ ಆ ಪಾಠ ನಂಬಿತ್ತು. ಡಾಕ್ಟರಿಗೆ ಇರುವುದು ಬರೀ ವಿಜ್ಞಾನ. ರೋಗಿಯ ಸಂಸ್ಕೃತಿ ಚಿಕಿತ್ಸೆಗೆ ಅಡ್ಡ ಬರುವ ಕಲ್ಲು, ಅದನ್ನು ನಯವಾಗಿ ದಾಟುವುದು ಹೇಗೆ ಅಂತ ಕಲಿಸುವುದೇ ಸಾಮರ್ಥ್ಯ. ಜಾತಿ ಎಂಬ ಎರಡಕ್ಷರ ಅಷ್ಟೂ ಚಿತ್ರಗಳಲ್ಲಿ ಎಲ್ಲೂ ಇರಲಿಲ್ಲ.

2

ಈ ಪರಿಕಲ್ಪನೆ ನಮ್ಮದಲ್ಲ, ಅಮೆರಿಕೆಯದು. 1989ರಲ್ಲಿ ಟೆರಿ ಕ್ರಾಸ್ ಮತ್ತು ಸಂಗಾತಿಗಳು ಅಲ್ಪಸಂಖ್ಯಾತ ಸಮುದಾಯದ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಬರೆದ ಕಿರುಹೊತ್ತಗೆಯಿಂದ ಇದು ಬಲವಾಗಿ ಬಳಕೆಗೆ ಬಂತು. ಕರಿಯರು, ಮೂಲನಿವಾಸಿಗಳು, ವಲಸೆ ಬಂದವರು ಆಸ್ಪತ್ರೆಗಳಲ್ಲಿ ಪಡುತ್ತಿದ್ದ ಪಾಡು ಅದರ ಹಿಂದಿತ್ತು. ಹತ್ತು ವರ್ಷದೊಳಗೇ ಅಲ್ಲಿನವರೇ ಅದರ ಮಿತಿಯನ್ನೂ ಕಂಡರು. 1998ರಲ್ಲಿ ಮೆಲನಿ ಟರ್ವಲಾನ್ ಮತ್ತು ಜಾನ್ ಮರ್ರೇ ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು 'ಸಾಮರ್ಥ್ಯ' ಎಂಬ ಮಾತೇ ಸರಿಯಿಲ್ಲ, ಅದು ಒಂದು ಸಲ ಕಲಿತು ಮುಗಿಸುವ ವಿದ್ಯೆಯಲ್ಲ, ಬೇಕಾದದ್ದು ಸಾಂಸ್ಕೃತಿಕ ವಿನಯ, ಜೀವನಪೂರ್ತಿ ತನ್ನನ್ನೇ ಪರೀಕ್ಷಿಸಿಕೊಳ್ಳುವ ಅಭ್ಯಾಸ ಅಂದರು. 2014ರಲ್ಲಿ ಜೊನಾಥನ್ ಮೆಟ್ಜಲ್ ಮತ್ತು ಹೆಲೆನಾ ಹ್ಯಾನ್ಸೆನ್ ಇನ್ನೂ ಮುಂದೆ ಹೋಗಿ, ರೋಗಿಯ ನಂಬಿಕೆಗಿಂತ ಅವನ ಮನೆ, ಕೂಲಿ, ನೀರು, ಕಾನೂನು ಇವುಗಳ ರಚನೆಯನ್ನು ಓದಲು ಡಾಕ್ಟರಿಗೆ ಬರಬೇಕು ಅಂತ ವಾದಿಸಿದರು. 2016ರಲ್ಲಿ ವರ್ಜೀನಿಯಾದಲ್ಲಿ ನಡೆದ ಅಧ್ಯಯನವೊಂದು 222 ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಪ್ರಶ್ನಿಸಿತು. ಕರಿಯರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ಅವರಲ್ಲಿ ಸುಮಾರು ಅರ್ಧದಷ್ಟು ಜನ ನಂಬಿದ್ದರು. ಹಾಗೆ ನಂಬಿದವರು ಕರಿಯ ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡುತ್ತಿದ್ದರು. ಅಲ್ಲಿಗೆ ಮೂಢನಂಬಿಕೆ ರೋಗಿಯದ್ದಲ್ಲ, ಡಾಕ್ಟರದ್ದು ಅಂತಾಯಿತು.

ನಮ್ಮಲ್ಲೂ ಈ ವಿಷಯ ತೀರಾ ಹೊಸದಲ್ಲ. 1946ರ ಭೋರ್ ಸಮಿತಿ 'ಸಾಮಾಜಿಕ ವೈದ್ಯ' ಎಂಬ ಮಾತನ್ನು ಬಳಸಿತ್ತು. 1977ರಲ್ಲಿ ಮೆಡಿಕಲ್ ಕಾಲೇಜುಗಳನ್ನು ಹಳ್ಳಿಯ ಕಡೆ ತಿರುಗಿಸುವ ಯೋಜನೆ ಬಂತು. ಈಚೆಗೆ, 2022ರಿಂದ, ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು 'ದತ್ತು' ತೆಗೆದುಕೊಂಡು ನೋಡಿಕೊಳ್ಳಬೇಕು ಎಂಬ ನಿಯಮವೂ ಬಂದಿದೆ. ಒಳ್ಳೆಯದೇ. ಆದರೆ ಹಳ್ಳಿ ಅನ್ನುವುದನ್ನು ಈ ಯೋಜನೆಗಳೆಲ್ಲ ಒಂದೇ ಗಂಟು ಮಾಡಿ ಎತ್ತಿಕೊಂಡವು. ಹಳ್ಳಿಯೊಳಗೆ ಊರು ಬೇರೆ, ಕೇರಿ ಬೇರೆ. ಬಸ್ಸು ಊರೊಳಗೆ ನಿಲ್ಲುತ್ತದೆ, ಹುಡುಗರು ಅಲ್ಲೇ ಇಳಿಯುತ್ತಾರೆ.

ಘನಶ್ಯಾಮ್ ಶಾ, ಸುಖದೇವ್ ಥೋರಟ್ ಮೊದಲಾದವರು 11 ರಾಜ್ಯಗಳ 565 ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆ 2006ರಲ್ಲಿ ಪುಸ್ತಕವಾಗಿ ಬಂತು. ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಬರಲು ಒಪ್ಪದ ಹಳ್ಳಿಗಳು ಅದರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು. ಆಮೇಲೆ ಸಂಘಮಿತ್ರ ಆಚಾರ್ಯ ಅವರು ಗುಜರಾತ್ ಮತ್ತು ರಾಜಸ್ತಾನದ ದಲಿತ ಮಕ್ಕಳನ್ನು ಮಾತಾಡಿಸಿ ಮಾಡಿದ ಅಧ್ಯಯನ 2010ರಲ್ಲಿ ಬಂತು. ಔಷಧಿ ಕೊಡುವಾಗ ಕೈ ತಾಗದಂತೆ ಕೊಡುವುದನ್ನು ಆ ಮಕ್ಕಳು ಮತ್ತೆ ಮತ್ತೆ ಹೇಳಿದ್ದರು. ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು 1929ರ ಒಂದು ಥರ್ಮಾಮೀಟರು.

3

ಬಾಬಾಸಾಹೇಬರು 1935-36ರ ಸುಮಾರಿಗೆ ತಮ್ಮ ಕೈಯಾರೆ ಬರೆದಿಟ್ಟ ಪುಟ್ಟ ಹಸ್ತಪ್ರತಿ 'ವೇಯ್ಟಿಂಗ್ ಫಾರ್ ಎ ವೀಸಾ'. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1990ರಲ್ಲಿ, ಅವರೇ ಕಟ್ಟಿದ ಪೀಪಲ್ಸ್ ಎಜುಕೇಶನ್ ಸೊಸೈಟಿ ಅದನ್ನು ಅಚ್ಚು ಹಾಕಿತು. ಆರು ಭಾಗಗಳಿವೆ. ಮೊದಲ ನಾಲ್ಕು ಅವರ ಸ್ವಂತ ಅನುಭವ, ಕೊನೆಯ ಎರಡು ಬೇರೆಯವರದ್ದು. ನಾನು ತರಗತಿಗೆ ಒಯ್ದದ್ದು ಐದನೆಯದನ್ನು.

ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮೇಷ್ಟರ ಪತ್ರ ಅದು. ಗಾಂಧೀಜಿಯವರ 'ಯಂಗ್ ಇಂಡಿಯಾ'ದಲ್ಲಿ 1929ರ ಡಿಸೆಂಬರ್ 12ರಂದು ಅಚ್ಚಾಗಿತ್ತು. ಮೇಷ್ಟರ ಹೆಂಡತಿಗೆ 5ನೇ ತಾರೀಕು ಹೆರಿಗೆಯಾಯಿತು. 7ರಂದು ಕಾಯಿಲೆ ಬಿತ್ತು. ಭೇದಿ, ಎದೆಯಲ್ಲಿ ಬಾವು, ಉಸಿರಾಟ ಕಷ್ಟ, ಪಕ್ಕೆಲುಬಿನಲ್ಲಿ ನೋವು. ಮೇಷ್ಟರು ಡಾಕ್ಟರ ಹತ್ತಿರ ಓಡಿದರು. ಕೇರಿಗೆ ಬರುವುದಿಲ್ಲ, ನೋಡುವುದೂ ಇಲ್ಲ ಅಂದ ಡಾಕ್ಟರು. ಊರ ಸೇಠನ ಹತ್ತಿರ, ದರಬಾರಿನವರ ಹತ್ತಿರ ಹೋಗಿ ಅಂಗಲಾಚಿದ ಮೇಲೆ, ಎರಡು ರೂಪಾಯಿ ಫೀಜಿಗೆ ಸೇಠ ಜಾಮೀನು ನಿಂತ ಮೇಲೆ, ಡಾಕ್ಟರು ಒಂದು ಷರತ್ತಿನ ಮೇಲೆ ಬರಲು ಒಪ್ಪಿದ: ರೋಗಿಯನ್ನು ಕೇರಿಯಿಂದ ಹೊರಗೆ ತರಬೇಕು. ಎರಡು ದಿನದ ಬಾಣಂತಿಯನ್ನು ಕೂಸಿನ ಸಮೇತ ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಮೇಷ್ಟರ ಕೈಗೆ, ಮೇಷ್ಟರು ಹೆಂಡತಿಗೆ. ಅದೇ ದಾರಿಯಲ್ಲಿ ಅದು ವಾಪಸು ಬಂತು. ರಾತ್ರಿ ಸುಮಾರು ಎಂಟು ಗಂಟೆ. ದೀಪದ ಬೆಳಕಲ್ಲಿ ಅದನ್ನು ನೋಡಿ ನ್ಯುಮೋನಿಯಾ ಅಂತ ಹೇಳಿ ಹೋದ. ಔಷಧಿ ಕಳಿಸಿದ. ಮೇಷ್ಟರು ಪೇಟೆಯಿಂದ ಅಗಸೆ ಬೀಜ ತಂದು ಹೆಂಡತಿಗೆ ಉಪಚಾರ ಮಾಡಿದರು. ಡಾಕ್ಟರು ಮತ್ತೆ ನೋಡಲು ಬರಲಿಲ್ಲ, ಎರಡು ರೂಪಾಯಿ ಕೊಟ್ಟಿದ್ದರೂ. ಕಾಯಿಲೆ ಕಠಿಣ, ದೇವರೇ ಕಾಯಬೇಕು ಎಂಬ ಅರ್ಥದ ಮಾತು ಪತ್ರದಲ್ಲಿ ಬರುತ್ತದೆ. ಅದರ ಬೆನ್ನಿಗೇ ಅವಳು ಇವತ್ತು ಮಧ್ಯಾಹ್ನ ಎರಡು ಗಂಟೆಗೆ ತೀರಿಕೊಂಡಳು ಎಂಬ ಸುದ್ದಿ. ಹಿಂದಿನ ಮಾತು ಬರೆಯುವಾಗ ಅವಳು ಬದುಕಿದ್ದಳೋ ಏನೋ ಅಂತ ಓದುವವನಿಗೆ ಅನ್ನಿಸುತ್ತದೆ.

ಒಂದೇ ಪತ್ರ ಎರಡು ಕಡೆ ಇದೆ. ಗಾಂಧಿಯ ಪತ್ರಿಕೆಯಲ್ಲಿ ಅದು ಸವರ್ಣ ಓದುಗರ ಮನಸ್ಸಾಕ್ಷಿಯ ಮುಂದೆ ಬಂದ ದೂರು. ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಗುರುತಿಸಿದ ಆತ್ಮಶುದ್ಧಿಯ ದಾರಿಯ ಪಕ್ಕದ ಕಲ್ಲು. ಅಂಬೇಡ್ಕರ್ ಅದನ್ನು ಎತ್ತಿ ತಂದು ತಮ್ಮ ಅನುಭವಗಳ ಸಾಲಿನಲ್ಲಿ ಇಟ್ಟರು. ಆಗ ಅದರ ಅರ್ಥ ಬದಲಾಯಿತು. ಹೇಗೆ ಅಂತ ನೋಡಲು ಮೊದಲ ನಾಲ್ಕು ಭಾಗಗಳನ್ನು ಜೊತೆಗಿಟ್ಟು ಓದಬೇಕು. ಗೋರೆಗಾಂವ್‌ಗೆ ಹೊರಟ ಹುಡುಗರಿಗೆ ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ. ಬರೋಡಾದಲ್ಲಿ ವಿದೇಶದಲ್ಲಿ ಓದಿ ಬಂದವನಿಗೆ ಮಲಗಲು ಜಾಗ ಸಿಗುವುದಿಲ್ಲ. ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಇವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪದೆ, ಟಾಂಗಾ ಹೊಡೆದು ಗೊತ್ತಿಲ್ಲದ ಕೇರಿಯವನೊಬ್ಬ ಹೊಡೆದು, ಅದು ಅಪಘಾತವಾಗಿ ಅಂಬೇಡ್ಕರರ ಕಾಲು ಮುರಿಯುತ್ತದೆ. ಅದೂ 1929ನೇ ಇಸವಿಯೇ. ದೌಲತಾಬಾದ್ ಕೋಟೆಯಲ್ಲಿ ಕೈಕಾಲು ಮುಖ ತೊಳೆದದ್ದಕ್ಕೆ ಜನ ಮೇಲೆ ಬೀಳುತ್ತಾರೆ. ಬಾಯಾರಿಕೆ, ನಿದ್ದೆ, ಮೂಳೆ, ನೀರು. ಎಲ್ಲವೂ ಮೈಗೆ ಸಂಬಂಧಪಟ್ಟವು. ಇದನ್ನು ನಾವು ಅವಮಾನಗಳ ಕಥನ ಅಂತ ಓದಿದ್ದೇವೆ. ಅವಮಾನ ಮನಸ್ಸಿಗೆ ಆಗುವುದು. ಅಂಬೇಡ್ಕರ್ ಬರೆದದ್ದು ಮನಸ್ಸಿಗಿಂತ ಮೊದಲು ಮೈಗೆ ಏನಾಗುತ್ತದೆ ಎಂಬುದನ್ನು. ಇದು ಒಂದು ಸಮಾಜದ ಕೇಸ್ ಶೀಟು. ಐದನೆಯ ಭಾಗದಲ್ಲಿ ಆ ಮೈ ಸಾಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಈ ಪತ್ರದ ಕೆಳಗೆ ಅಂಬೇಡ್ಕರ್ ಬರೆಯುವ ಮಾತು ಬಹಳ ಕಡಿಮೆ. ಡಾಕ್ಟರ ಹೆಸರೂ ಇಲ್ಲ, ಮೇಷ್ಟರ ಹೆಸರೂ ಇಲ್ಲ. ಸೇಡು ತೀರಿಸಿಕೊಳ್ಳುತ್ತಾರೆ ಎಂಬ ಭಯಕ್ಕೆ ಮೇಷ್ಟರೇ ಬೇಡ ಅಂದಿದ್ದರು. ಆಮೇಲೆ ಆ ಡಾಕ್ಟರನ್ನು ಅಳೆಯಲು ಅವರು ಎತ್ತಿಕೊಂಡ ಕೋಲು ಯಾವುದು? ದಯೆ ಅಲ್ಲ, ಧರ್ಮ ಅಲ್ಲ. ತನ್ನ ವೃತ್ತಿಯನ್ನು ಕಟ್ಟಿಹಾಕಿರುವ ನಿಯಮವನ್ನು ಅವನು ಬದಿಗಿಟ್ಟ, ಅದಕ್ಕಾಗಿ ಅವನ ಅಂತಃಕರಣ ಅಳುಕಲಿಲ್ಲ ಅನ್ನುತ್ತಾರೆ. ಡಾಕ್ಟರನ್ನು ಡಾಕ್ಟರನ್ನಾಗಿಯೇ ಹಿಡಿದು ನಿಲ್ಲಿಸುತ್ತಾರೆ. ಈ ಮಾತಿನ ತೂಕ ನನಗೆ ಗೊತ್ತಾದದ್ದು ತರಗತಿಯಲ್ಲಿ ಸೋತ ಮೇಲೆ.

4

ಮೊದಲ ವರ್ಷ ನಾನು ಈ ಭಾಗವನ್ನು ಗಟ್ಟಿಯಾಗಿ ಓದಿದೆ. ದನಿಯಲ್ಲಿ ಸ್ವಲ್ಪ ನಾಟಕವೂ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಓದಿ ಮುಗಿಸಿದಾಗ ತರಗತಿ ಸುಮ್ಮನಾಗಿತ್ತು. ಮುಂದಿನ ಸಾಲಿನ ಒಬ್ಬ ಹುಡುಗ ಎದ್ದು ಕೇಳಿದ: 'ಸಾರ್, 1929ರಲ್ಲಿ ಪೆನಿಸಿಲಿನ್ ಔಷಧಿಯಾಗಿ ಬಂದಿರಲಿಲ್ಲ. ಡಾಕ್ಟರ್ ಮುಟ್ಟಿ ನೋಡಿದ್ದರೂ ಆಕೆ ಉಳಿಯುತ್ತಿದ್ದಳು ಅಂತ ಹೇಳೋಕಾಗುತ್ತಾ?'

ನನಗೆ ಸಿಟ್ಟು ಬಂತು. 'ಅದು ನಿಮ್ಮ ಮನೆಯವರಾಗಿದ್ದರೆ ಹೀಗೆ ಕೇಳುತ್ತಿದ್ದೆಯಾ?' ಅಂದೆ. ಅವನು ಮುಖ ಸಣ್ಣದು ಮಾಡಿಕೊಂಡು ಕೂತ. ಅವತ್ತಿನ ಪಾಠ ಅಲ್ಲಿಗೆ ಸತ್ತಿತು. ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಪೆನಿಸಿಲಿನ್ ಗುಣವನ್ನು ಫ್ಲೆಮಿಂಗ್ ಕಂಡದ್ದು 1928ರಲ್ಲಿ. ರೋಗಿಗಳಿಗೆ ಸಿಗುವಂತಾದದ್ದು 1940ರ ದಶಕದಲ್ಲಿ. ಪ್ರಶ್ನೆಗೆ ಉತ್ತರ ಇಲ್ಲದೆ ನಾನು ಅವನ ಬಾಯಿ ಮುಚ್ಚಿಸಿದ್ದೆ. ನೋವನ್ನು ತೋರಿಸಿ ಪ್ರಶ್ನೆಯನ್ನು ಅಡಗಿಸುವುದು ನಮ್ಮ ವಿಮರ್ಶೆಯೂ ಆಗಾಗ ಮಾಡುವ ಕೆಲಸ.

ಆ ಕಾಲೇಜಿನ ಹಿರಿಯ ವೈದ್ಯೆಯೊಬ್ಬರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ರೋಗಿಯನ್ನು ಪರೀಕ್ಷಿಸುವ ನಾಲ್ಕು ಹೆಜ್ಜೆಗಳನ್ನು ವಿವರಿಸಿದರು. ಮೊದಲು ಕಣ್ಣಲ್ಲಿ ನೋಡುವುದು, ಆಮೇಲೆ ಕೈಯಿಂದ ಮುಟ್ಟಿ ಒತ್ತಿ ನೋಡುವುದು, ಬೆರಳಿನ ಮೇಲೆ ಬೆರಳಿಟ್ಟು ಬಡಿದು ನೋಡುವುದು, ಕೊನೆಗೆ ಸ್ಟೆತೊಸ್ಕೋಪು ಇಟ್ಟು ಕೇಳುವುದು. ನಾಲ್ಕರಲ್ಲಿ ಮೂರಕ್ಕೆ ಮುಟ್ಟಲೇಬೇಕು. 'ಎದೆಯ ಮೇಲೆ ಕೈ ಇಡದೆ, ಉಸಿರು ಕೇಳದೆ, ಬರೀ ಜ್ವರದ ಅಂಕಿ ನೋಡಿ ನ್ಯುಮೋನಿಯಾ ಅಂದನಲ್ಲ, ಅದು ರೋಗನಿರ್ಣಯವೇ ಅಲ್ಲ. ಹೆತ್ತು ಎರಡು ದಿನದ ಹೆಂಗಸಿಗೆ ಜ್ವರ ಬಂದರೆ ಮೊದಲು ನೋಡಬೇಕಾದ್ದು ಹೊಟ್ಟೆಯನ್ನ. ಬಾಣಂತಿ ನಂಜೋ ಅಲ್ಲವೋ ಅಂತ ಯಾರು ನೋಡಿದರು?' ಅಂದರು.

ನನಗೆ ಕಣ್ಣು ಬಿಟ್ಟಂತಾಯಿತು. ಮುಟ್ಟಿದ್ದರೆ ಉಳಿಯುತ್ತಿದ್ದಳೇ ಎಂಬುದಕ್ಕೆ ಇವತ್ತು ಉತ್ತರ ಹೇಳಲಾಗದು. ಆದರೆ ಮುಟ್ಟದೆ ಅವನು ಮಾಡಿದ್ದು ವೈದ್ಯವಲ್ಲ ಅಂತ ಖಂಡಿತ ಹೇಳಬಹುದು. ಆ ಕಾಲದ ವೈದ್ಯದಲ್ಲಿ ಏನೇನಿತ್ತೋ ಅಷ್ಟನ್ನೂ ಅವನು ಅವಳಿಗೆ ಕೊಡಲಿಲ್ಲ. ಜಾತಿ ಅವನನ್ನು ಕೆಟ್ಟ ಮನುಷ್ಯನನ್ನಾಗಿ ಮಾತ್ರ ಮಾಡಲಿಲ್ಲ, ಕೆಟ್ಟ ಡಾಕ್ಟರನ್ನಾಗಿ ಮಾಡಿತು. ಅಂಬೇಡ್ಕರ್ ವೃತ್ತಿಯ ನಿಯಮ ಅಂದದ್ದು ಇದಕ್ಕೆ. ಡಾಕ್ಟರಾಗುವ ಹುಡುಗರ ಎದುರು ಈ ಪಠ್ಯದ ಶಕ್ತಿ ಇರುವುದು ಕಣ್ಣೀರಿನಲ್ಲಲ್ಲ, ಇಲ್ಲಿ.

ಇದಕ್ಕೆ ಹಳೆಯ ಬೇರೂ ಇದೆ. ಮನುಸ್ಮೃತಿ ವೈದ್ಯನ ಅನ್ನವನ್ನು ಕೀವಿಗೆ ಸಮ ಅನ್ನುತ್ತದೆ. ಎಲ್ಲರ ಮೈ ಮುಟ್ಟುವವನು, ಎಲ್ಲರ ಜೊತೆ ಬೆರೆಯುವವನು ಪುರೋಹಿತಶಾಹಿಗೆ ಬೇಡವಾದ ಎಂಬ ವಾದವನ್ನು ದೇಬಿಪ್ರಸಾದ್ ಚಟ್ಟೋಪಾಧ್ಯಾಯ 1977ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಮಂಡಿಸಿದ್ದಾರೆ. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ 1836ರಲ್ಲಿ ಹೆಣದ ಮೇಲೆ ಕತ್ತಿ ಇಟ್ಟದ್ದು ದೊಡ್ಡ ಸುದ್ದಿಯಾದದ್ದೂ ಇದಕ್ಕೇ. ಮೇಲುಜಾತಿಯವನು ಹೆಣ ಮುಟ್ಟಿದ್ದು ಚರಿತ್ರೆಯಾಯಿತು. ಅದಕ್ಕೆ ಮೊದಲೂ ಆಮೇಲೂ ಹೆಣ ಹೊತ್ತವರು, ತೊಳೆದವರು ಚರಿತ್ರೆಯಾಗಲಿಲ್ಲ. ನಾನು ಕಂಡ ಶವಾಗಾರಗಳಲ್ಲಿ ಇವತ್ತಿಗೂ ಆ ಕೆಲಸ ಮಾಡುವವರು ಯಾವ ಕೇರಿಯವರು ಅಂತ ಯಾರೂ ಕೇಳಬೇಕಾಗಿಲ್ಲ.

5

ಸೋಲು ಇಷ್ಟಕ್ಕೇ ಮುಗಿಯಲಿಲ್ಲ. ತರಗತಿ ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗ ಮೆಟ್ಟಿಲ ಹತ್ತಿರ ಕಾದಿದ್ದ. ನಮ್ಮ ಕಡೆಯ ಮಾತು. 'ಸಾರ್, ಒಂದು ಹೇಳ್ತೀನಿ, ಬೇಜಾರು ಮಾಡ್ಕೊಬ್ಯಾಡಿ. ಇನ್ನೊಂದು ಸಲ ಓದುವಾಗ ನನ್ನನ್ನ ನೋಡ್ಕೊಂಡು ಓದಬ್ಯಾಡಿ' ಅಂದ.

ನಾನು ಅವನನ್ನು ನೋಡಿಕೊಂಡು ಓದಿದ್ದೆನೇ? ಓದಿದ್ದೆ. ಹಾಜರಿ ಪುಸ್ತಕದಲ್ಲಿ ಹೆಸರು ಕಂಡಾಗಲೇ ಇವನು ನಮ್ಮವನು ಅಂತ ಗೊತ್ತಾಗಿತ್ತು. ಅವನಿಗೆ ಧೈರ್ಯ ಬರಲಿ ಅಂತಲೋ ಏನೋ, ಕಣ್ಣು ಅವನ ಕಡೆಗೇ ಹೋಗುತ್ತಿತ್ತು. ನನ್ನ ಕಣ್ಣು ಹೋದ ಕಡೆ ಇಡೀ ತರಗತಿ ತಿರುಗಿತ್ತು. ಹಾಸ್ಟೆಲಿನಲ್ಲಿ ಮೊದಲ ವಾರವೇ ಅವನನ್ನು 'ನಿನ್ನ ರ‍್ಯಾಂಕು ಎಷ್ಟು?' ಅಂತ ಕೇಳಿದ್ದರಂತೆ. ನಮ್ಮ ಕಾಲದಲ್ಲಿ 'ಯಾವ ಪೈಕಿ?' ಅಂತ ಕೇಳುತ್ತಿದ್ದರು. ಈಗ ನೀಟ್ ಪರೀಕ್ಷೆಯ ಅಂಕಿ ಕೇಳಿದರೆ ಸಾಕು. ಅಲ್ಲಿವರೆಗೆ ಅವನು ಹೇಗೋ ತಪ್ಪಿಸಿಕೊಂಡು ಬಂದಿದ್ದ. ಅವತ್ತು ನಾನೇ ಅವನನ್ನು ಕೇರಿಯಿಂದ ಹೊರಗೆ ತಂದು ಎಲ್ಲರ ಮುಂದೆ ಮಲಗಿಸಿದೆ.

ಇದು ಒಬ್ಬ ಹುಡುಗನ ಸಂಕೋಚದ ಮಾತಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ದಲಿತ, ಆದಿವಾಸಿ ವಿದ್ಯಾರ್ಥಿಗಳ ಸ್ಥಿತಿ ನೋಡಲು ಸರ್ಕಾರ ನೇಮಿಸಿದ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಕಿರುಕುಳ ತಾಳದೆ ಆ ವಿದ್ಯಾರ್ಥಿಗಳು ಹಾಸ್ಟೆಲಿನ ಕೆಲವೇ ಮಹಡಿಗಳಿಗೆ ಹೋಗಿ ಸೇರಿಕೊಂಡದ್ದನ್ನು ಅದು ದಾಖಲಿಸಿದೆ. ದೇಶದ ಅತಿ ದೊಡ್ಡ ವೈದ್ಯ ಕಾಲೇಜಿನೊಳಗೂ ಒಂದು ಕೇರಿ ಹುಟ್ಟಿತ್ತು. 2019ರ ಮೇ 22ರಂದು ಮುಂಬಯಿಯಲ್ಲಿ ಪಾಯಲ್ ತಡ್ವಿ ಎಂಬ ಆದಿವಾಸಿ ವೈದ್ಯೆ ಜೀವ ಕಳೆದುಕೊಂಡರು. ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ. ಜೊತೆಗೆ ಕೆಲಸ ಮಾಡುತ್ತಿದ್ದ ಮೂವರು ಹಿರಿಯ ವೈದ್ಯೆಯರ ಮೇಲೆ ಜಾತಿ ಕಿರುಕುಳದ ಆರೋಪ ಬಂತು. ಅದೇ ವರ್ಷ ಅವರ ತಾಯಿ ಆಬೇದಾ ಮತ್ತು ರೋಹಿತ್ ವೇಮುಲನ ತಾಯಿ ರಾಧಿಕಾ ಸೇರಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1929ರ ಹೆಣ್ಣುಮಗಳಿಗೆ ಒಬ್ಬ ಡಾಕ್ಟರು ಬೇಕಾಗಿದ್ದರು. ತೊಂಬತ್ತು ವರ್ಷ ಕಳೆದು ನಮ್ಮ ಮನೆಗಳಿಂದಲೇ ಹೆರಿಗೆ ಮಾಡಿಸುವ ಡಾಕ್ಟರು ಬಂದಾಗ ಅವರನ್ನು ಬದುಕಲು ಬಿಡಲಿಲ್ಲ.

ಹಾಗಾದರೆ 'ಸಾಂಸ್ಕೃತಿಕ ಸಾಮರ್ಥ್ಯ'ದ ಪಾಠದಲ್ಲಿ ದಲಿತ ವಿದ್ಯಾರ್ಥಿ ಎಲ್ಲಿ ಕೂರಬೇಕು? ಡಾಕ್ಟರ ಕುರ್ಚಿಯಲ್ಲಿ ಕೂರಲು ಅವನು ಬಂದಿದ್ದಾನೆ. ಪಾಠ ಅವನನ್ನು ಎತ್ತಿ ರೋಗಿಯ ಬೆಂಚಿಗೆ ಕೂರಿಸುತ್ತದೆ. ಚಿತ್ರಪಾಠದ 'ಗ್ರಾಮೀಣ ಸಂಸ್ಕೃತಿ' ಮಾಡಿದ್ದೂ ಅದನ್ನೇ, ನಾನು ಅಂಬೇಡ್ಕರ್ ಪಠ್ಯ ಹಿಡಿದು ಮಾಡಿದ್ದೂ ಅದನ್ನೇ. ಮೊದಲಿನದು ಅಜ್ಞಾನದಿಂದ, ನನ್ನದು ಅಭಿಮಾನದಿಂದ. ಫಲ ಒಂದೇ.

6

ನಮ್ಮ ವಿಮರ್ಶೆಯ ಬಗ್ಗೆ ಒಂದು ಮಾತು. ಕೆರೆ, ಬಾವಿ, ಗುಡಿ, ಹೋಟೆಲು, ಶಾಲೆ ಇವನ್ನೆಲ್ಲ ದಲಿತ ವಿಮರ್ಶೆ ಕಣ್ಣಿಟ್ಟು ಓದಿದೆ. ಆಸ್ಪತ್ರೆಯನ್ನು ಅಷ್ಟು ಓದಿಲ್ಲ. ನೋವು ಎಂಬುದು ನಮ್ಮಲ್ಲಿ ಬೇಗ ರೂಪಕವಾಗಿಬಿಡುತ್ತದೆ. ಪಕ್ಕೆಲುಬಿನ ನೋವು ಸಮುದಾಯದ ನೋವಾಗಿ, ಆ ಹೆಂಗಸಿನ ಪಕ್ಕೆಲುಬು ಮರೆತುಹೋಗುತ್ತದೆ. ಸಮುದಾಯದ ನೋವು ಸುಳ್ಳಲ್ಲ. ಆದರೆ ಹಾಗೆ ಓದಿದ್ದರಿಂದ ಡಾಕ್ಟರು ತಪ್ಪಿಸಿಕೊಂಡ. ಅವನು 'ವ್ಯವಸ್ಥೆ'ಯಾಗಿಬಿಟ್ಟ. ವ್ಯವಸ್ಥೆಗೆ ಕೈ ಇರುವುದಿಲ್ಲ. ಆ ಡಾಕ್ಟರಿಗೆ ಎರಡು ಕೈ ಇದ್ದವು.

ಮುಟ್ಟುವ ವಿದ್ಯೆ ನಮ್ಮ ಕೇರಿಗಳಿಗೆ ಹೊಸದಲ್ಲ ಎಂಬುದನ್ನೂ ಈ ಪಾಠಗಳು ಮರೆಯುತ್ತವೆ. ನಮ್ಮಜ್ಜಿ ಸೂಲಗಿತ್ತಿ. ಊರೊಳಗಿನ ಮನೆಗಳಿಗೆ ಅವಳನ್ನು ಹಿತ್ತಲ ಬಾಗಿಲಿಂದ ಕರೆಯುತ್ತಿದ್ದರು. ಹೆರಿಗೆ ಆಗುವ ತನಕ ಅವಳ ಕೈ ಒಳಗೇ ಇರಬೇಕು. ಹೊಕ್ಕುಳಬಳ್ಳಿ ಕುಯ್ದು, ಮಾಸು ಹೂತು, ಕೂಸಿಗೆ ನೀರು ಹಾಕಿದ ಮೇಲೆ ಅವಳು ಮುಟ್ಟಬಾರದವಳು. ಆ ಕೂಸನ್ನು ಭೂಮಿಯ ಮೇಲೆ ಮೊದಲು ಮುಟ್ಟಿದ ಕೈ ಅವಳದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿ ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಪ್ರಶಸ್ತಿ ಬಂದದ್ದು ಸಂತೋಷ. ಅವರ ಕೈಗೆ ಏನು ಗೊತ್ತಿತ್ತು ಎಂಬುದು ಯಾವ ಮೆಡಿಕಲ್ ಕಾಲೇಜಿನ ಪಾಠದಲ್ಲಿದೆ? ಹಳೆಯದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ನಂಜು ಏರಿ ಸತ್ತ ಬಾಣಂತಿಯರೂ ಕೇರಿಯಲ್ಲಿದ್ದರು. ಆಸ್ಪತ್ರೆ ಬೇಕು, ವಿಜ್ಞಾನ ಬೇಕು. ಅಂಬೇಡ್ಕರ್ ಕೇಳಿದ್ದೂ ಅದನ್ನೇ. ಆದರೆ ಸಂಸ್ಕೃತಿಯ ಪಾಠದಲ್ಲಿ ನಮ್ಮ ಕಡೆಯಿಂದ ಬರೀ ಬೇವಿನಸೊಪ್ಪನ್ನು ಎತ್ತಿಕೊಂಡು ಆ ಕೈಗಳನ್ನು ಬಿಟ್ಟಿದ್ದು ಯಾಕೆ ಅಂತ ಕೇಳಬೇಕಾಗುತ್ತದೆ.

ಕನ್ನಡದಲ್ಲೇ ಈ ಗಂಟು ಇದೆ. ಹೆಂಗಸರ ವಾರ್ಡಿನಲ್ಲಿ 'ಮುಟ್ಟು ಸರಿಯಾಗಿ ಆಗುತ್ತಾ?' ಅಂತ ಕೇಳುವುದನ್ನು ಹುಡುಗರಿಗೆ ಕಲಿಸಬೇಕು. ಮುಟ್ಟು ಅಂದರೆ ತಿಂಗಳ ಸ್ರಾವ, ಮುಟ್ಟು ಅಂದರೆ ಕೈ ತಾಗಿಸು. ಮುಟ್ಟಬಾರದವಳಾಗುವುದಕ್ಕೂ ಅದೇ ಮಾತು, ಮುಟ್ಟಿ ನೋಡುವುದಕ್ಕೂ ಅದೇ ಮಾತು. ಈ ಭಾಷೆಯಲ್ಲಿ ಡಾಕ್ಟರಿಕೆ ಮಾಡುವವನಿಗೆ ಜಾತಿಯ ಗೊಡವೆ ಇಲ್ಲದೆ ಒಂದು ವಾಕ್ಯವೂ ಹುಟ್ಟುವುದಿಲ್ಲ. ಅದನ್ನು ತಿಳಿದು ಮಾತಾಡುವುದಕ್ಕೆ ನಾನು ಸಾಮರ್ಥ್ಯ ಅನ್ನುತ್ತೇನೆ.

ಮಾರನೆಯ ವರ್ಷ ಪಾಠದ ಕ್ರಮ ಬದಲಾಯಿಸಿದೆ. ಪುಸ್ತಿಕೆಯ ವಾಕ್ಯಗಳನ್ನೆಲ್ಲ ಬಹುವಚನಕ್ಕೆ ತಿದ್ದಿದೆ. 'ಬಾಯಿ ತೆಗೀರಿ', 'ಸ್ವಲ್ಪ ಮುಟ್ಟಿ ನೋಡ್ತೀನಿ, ನೋವಾದರೆ ಹೇಳಿ'. ಹೊರ ರಾಜ್ಯದ ಹುಡುಗರಿಗೆ ಯಾವ ಕಷ್ಟವೂ ಆಗಲಿಲ್ಲ. ಪತ್ರವನ್ನು ನಾನು ಗಟ್ಟಿಯಾಗಿ ಓದಲಿಲ್ಲ. ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟು ಅವರಷ್ಟಕ್ಕೆ ಓದಿಕೊಳ್ಳಿ ಅಂದೆ. ಆಮೇಲೆ ಒಂದು ಖಾಲಿ ಕೇಸ್ ಶೀಟು ಹಂಚಿ, ನೀವೇ ಆ ಡಾಕ್ಟರು, ಇದನ್ನು ತುಂಬಿ ಅಂದೆ. ರೋಗಿ ಹೇಳಿದ ತೊಂದರೆ ತುಂಬಿದರು. ಜ್ವರದ ಕಲಂ ಬಂತು. ಹೊಟ್ಟೆ ಪರೀಕ್ಷೆ, ಎದೆ ಪರೀಕ್ಷೆ ಎಂಬ ಕಲಮುಗಳು ಬಂದಾಗ ಪೆನ್ನುಗಳು ನಿಂತವು. ಅಲ್ಲಿ 'ಮಾಡಿಲ್ಲ' ಅಂತ ಬರೆದರೆ ಕಾರಣವನ್ನೂ ಬರೆಯಬೇಕು.

ಆ ಕಾಗದಗಳು ಈಗಲೂ ನನ್ನ ಹತ್ತಿರ ಇವೆ. ಹೆಚ್ಚಿನವರು 'ಆ ಕಾಲದ ಪದ್ಧತಿ' ಅಂತ ಬರೆದಿದ್ದರು. ಕೆಲವರು 'ಸಾಮಾಜಿಕ ಕಾರಣಗಳಿಂದ ಮುಟ್ಟಲಾಗಲಿಲ್ಲ' ಅಂತ ಬರೆದಿದ್ದರು. ಮುಟ್ಟಲಾಗಲಿಲ್ಲ ಎಂಬ ವಾಕ್ಯಕ್ಕೆ ಕರ್ತೃ ಇಲ್ಲ. ವ್ಯಾಕರಣ ನನ್ನ ಕಸುಬು, ಆದ್ದರಿಂದ ಇಡೀ ಗಂಟೆ ಅದನ್ನೇ ಹಿಡಿದೆ. ಯಾರು ಮುಟ್ಟಲಿಲ್ಲ? ವಾಕ್ಯ ತಿದ್ದಿ ಅಂದೆ. ಒಬ್ಬೊಬ್ಬರಾಗಿ 'ನಾನು ಮುಟ್ಟಲಿಲ್ಲ' ಅಂತ ಬರೆಯಬೇಕಾಯಿತು. ಕೆಲವರು ಬರೆಯಲಿಲ್ಲ. ಒಬ್ಬಳು ಬರೆದು, ಕಾಗದ ವಾಪಸು ಕೊಡುವಾಗ ನನ್ನ ಮುಖ ನೋಡಲಿಲ್ಲ. ಇದರಿಂದ ಅವರೆಲ್ಲ ಬದಲಾದರು ಅಂತ ನಾನು ಹೇಳುವುದಿಲ್ಲ. ಒಂದು ಗಂಟೆಯ ಪಾಠ ಸಾವಿರಾರು ವರ್ಷದ್ದನ್ನು ತೊಳೆಯುವುದಿಲ್ಲ. ಆದರೆ ಸಂಸ್ಕೃತಿ ಇರುವುದು ಮೇಜಿನ ಯಾವ ಕಡೆ ಎಂಬುದು ಅವತ್ತು ಅವರಿಗೆ ಗೊತ್ತಾಯಿತು.

ಮೆಟ್ಟಿಲ ಹತ್ತಿರ ಕಾದಿದ್ದ ಹುಡುಗ ಈಗ ವಾರ್ಡುಗಳಿಗೆ ಹೋಗುತ್ತಿದ್ದಾನೆ. ಹೋದ ತಿಂಗಳು ಸಿಕ್ಕಿದ್ದ. ಕೇರಿಯಿಂದ ಬಂದ ಒಬ್ಬ ಅಜ್ಜಿಯ ಹೊಟ್ಟೆ ಒತ್ತಿ ನೋಡಲು ಹೋದನಂತೆ. ಅಜ್ಜಿ ಹಿಂದಕ್ಕೆ ಸರಿದು 'ಮುಟ್ಬ್ಯಾಡಿ ಬುದ್ಧಿ, ನಾವು ಇಂಥೋರು' ಅಂದಳಂತೆ. 'ನೀನೇನು ಅಂದೆ?' ಅಂತ ಕೇಳಿದೆ.

'ನಾನೂ ಇಂಥೋನೇ ಕಣಜ್ಜಿ, ಸುಮ್ಕೆ ಮಲಗಿ ಅಂದೆ ಸಾರ್' ಅಂದ. 'ಪಕ್ಕದಲ್ಲಿ ಬೇರೆ ಹುಡುಗರೂ ಇದ್ರು. ಇರಲಿ ಅಂತ ಹೇಳಿಬುಟ್ಟೆ.'